ಒಣಚರ್ಮ: ಅರಿವು ಮತ್ತು ಆರೈಕೆ

ದೀಪಾವಳಿ ಕಳೆದು ಮಾರ್ಗಶಿರದ ಚಳಿ ಕಾಲಿಡುತ್ತಿದ್ದಂತೆ ವಿಜಯಪುರ, ಬಾಗಲಕೋಟೆ, ಕಲಬುರಗಿಯ ಬಯಲುಸೀಮೆಯಲ್ಲಿ ಗಾಳಿಯ ಗುಣವೇ ಬದಲಾಗುತ್ತದೆ. ಮಳೆಗಾಲದ ತೇವವೆಲ್ಲ ಆರಿಹೋಗಿ, ಮುಂಜಾವಿನ ಗಾಳಿ ಸೋಕಿದೊಡನೆ ತುಟಿ ಬಿರಿಯುತ್ತದೆ, ಮೊಣಕಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದರೆ ಬಿಳಿಯ ಬರೆಹ ಮೂಡುತ್ತದೆ, ಹಿಮ್ಮಡಿ ಸೀಳುತ್ತದೆ. ಬಹುಮಂದಿಗೆ ಇದು ಋತುವಿನ ಕಿರುಕುಳ ಮಾತ್ರ, ಯುಗಾದಿಯ ಹೊತ್ತಿಗೆ ತಾನಾಗಿ ಮರೆಯಾಗುತ್ತದೆ. ಆದರೆ ಕೆಲವರಿಗೆ ಹಾಗಲ್ಲ. ಅವರ ಮೈ ವರ್ಷದುದ್ದಕ್ಕೂ ಒಣಗಿಯೇ ಇರುತ್ತದೆ, ಹೊಟ್ಟು ಉದುರುತ್ತದೆ, ರಾತ್ರಿಯ ನವೆ ನಿದ್ದೆಯನ್ನು ಕಸಿಯುತ್ತದೆ. ಅಂಥವರು ಸಾಮಾನ್ಯವಾಗಿ ವೈದ್ಯರಲ್ಲಿಗೆ ಹೋಗುವುದಿಲ್ಲ. ‘ಇಷ್ಟಕ್ಕೆಲ್ಲ ಔಷಧವೇಕೆ’ ಎಂದು ಸುಮ್ಮನಿರುತ್ತಾರೆ, ಇಲ್ಲವೇ ಔಷಧದ ಅಂಗಡಿಯಲ್ಲಿ ಕೇಳಿ ಯಾವುದೋ ಒಂದು ಟ್ಯೂಬನ್ನು ತಂದು ಹಚ್ಚಿಕೊಳ್ಳುತ್ತಾರೆ. ಈ ಎರಡೂ ದಾರಿಗಳಲ್ಲಿ ಅಪಾಯವಿರುವುದರಿಂದ ಈ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿ ನೋಡೋಣ.

ಚರ್ಮ ಒಣಗುವುದೆಂದರೇನು? ನಮ್ಮ ಚರ್ಮದ ಅತಿ ಹೊರಗಿನ ಪದರವು ಕಾಗದಕ್ಕಿಂತಲೂ ತೆಳುವಾದುದು. ಅದರಲ್ಲಿ ಜೀವ ಮುಗಿದ ಚಪ್ಪಟೆ ಕೋಶಗಳು ಹದಿನೈದಿಪ್ಪತ್ತು ಸಾಲುಗಳಾಗಿ ಒಂದರ ಮೇಲೊಂದು ಜೋಡಿಸಲ್ಪಟ್ಟಿರುತ್ತವೆ. ಇದನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದು ವೈದ್ಯಶಾಸ್ತ್ರದಲ್ಲಿ ರೂಢಿ. ಕೋಶಗಳೇ ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್ ಹಾಗೂ ಕೊಬ್ಬಿನಾಮ್ಲಗಳೆಂಬ ಜಿಡ್ಡೇ ಗಾರೆ. ಇಟ್ಟಿಗೆಯೊಳಗೆ ನೀರನ್ನು ಹಿಡಿದಿಡಬಲ್ಲ ಕೆಲವು ದ್ರವ್ಯಗಳಿವೆ. ಫಿಲಾಗ್ರಿನ್ ಎಂಬ ಸಸಾರಜನಕವು ಒಡೆದು ಅವುಗಳ ಬಹುಭಾಗ ಉಂಟಾಗುತ್ತದೆ. ಒಳಗಿನ ನೀರು ಆರಿಹೋಗದಂತೆಯೂ ಹೊರಗಿನ ಧೂಳು, ಸೋಂಕು, ರಾಸಾಯನಿಕಗಳು ಒಳನುಗ್ಗದಂತೆಯೂ ಕಾಯುವುದು ಈ ಗೋಡೆಯ ಕೆಲಸ. ಸುಮಾರು ನಾಲ್ಕು ವಾರಗಳಿಗೊಮ್ಮೆ ಮೇಲ್ಚರ್ಮವು ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತದೆ. ಹಳೆಯ ಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರುತ್ತವೆ. ಆದರೆ ಕೋಶಗಳನ್ನು ಒಂದರಿಂದೊಂದು ಬಿಡಿಸುವ ಕಿಣ್ವಗಳು ಕೆಲಸಮಾಡಲು ನೀರು ಬೇಕು. ಹೊರಪದರದ ನೀರಿನ ಅಂಶವು ಶೇಕಡ 10ಕ್ಕಿಂತ ಕೆಳಗಿಳಿದಾಗ ಕೋಶಗಳು ಬಿಡಿಬಿಡಿಯಾಗಿ ಉದುರದೆ, ಗುಂಪುಗುಂಪಾಗಿ ಅಂಟಿಕೊಂಡು, ಹೊಟ್ಟಾಗಿ ಏಳುತ್ತವೆ. ನಾವು ‘ಮೈ ಒಣಗಿದೆ’ ಎನ್ನುವುದು ಈ ಸ್ಥಿತಿಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಚರ್ಮದಲ್ಲಿ ಎಣ್ಣೆ ಕಡಿಮೆಯಾದುದೇ ಒಣತನವೆಂದು ಬಹುಮಂದಿ ನಂಬಿದ್ದಾರೆ. ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ 1952ರಲ್ಲಿ ಪ್ರಕಟಿಸಿದ ಸರಳ ಪ್ರಯೋಗಗಳು ಈ ನಂಬಿಕೆಯನ್ನು ಅಲುಗಿಸಿದವು. ಒಣಗಿ ಗಡುಸಾದ ಚರ್ಮದ ತುಣುಕನ್ನು ಎಣ್ಣೆಯಲ್ಲಿ ಎಷ್ಟು ಕಾಲ ನೆನೆಹಾಕಿದರೂ ಅದು ಮೆತ್ತಗಾಗಲಿಲ್ಲ. ನೀರು ಹೀರಿದಾಗ ಮಾತ್ರ ಬಾಗುವಷ್ಟು ಮೃದುವಾಯಿತು. ಅಂದರೆ ಚರ್ಮಕ್ಕೆ ಮಾರ್ದವ ಕೊಡುವುದು ನೀರು. ಎಣ್ಣೆಯ ಪಾತ್ರವು ಆ ನೀರನ್ನು ಒಳಗೇ ಉಳಿಸುವುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆರೈಕೆಯ ಅರ್ಧ ಭಾಗ ತಿಳಿದಂತೆಯೇ. ಹಾಗೆಂದು ಕೊಡಗಟ್ಟಲೆ ನೀರು ಕುಡಿದರೆ ಚರ್ಮ ತೊಯ್ಯುತ್ತದೆ ಎಂದು ಭಾವಿಸಬಾರದು. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯುವವರಿಗೆ ಹೆಚ್ಚಿನ ನೀರಿನಿಂದ ಒಣಚರ್ಮ ವಾಸಿಯಾಗದು, ಏಕೆಂದರೆ ಸೋರುತ್ತಿರುವುದು ಗೋಡೆ.

ಗೋಡೆಯನ್ನು ಸಡಿಲಿಸುವ ಕಾರಣಗಳಲ್ಲಿ ವಯಸ್ಸು ಮೊದಲನೆಯದು. ಅರವತ್ತು ದಾಟಿದವರಲ್ಲಿ ಗಾರೆಯ ಜಿಡ್ಡು ಕಡಿಮೆಯಾಗುತ್ತದೆ, ಬೆವರು ಮತ್ತು ಮೇದಸ್ಸಿನ ಗ್ರಂಥಿಗಳ ಸ್ರಾವವೂ ತಗ್ಗುತ್ತದೆ. ಅವರ ಮೊಣಕಾಲಿನ ಕೆಳಗಿನ ಚರ್ಮವು ಕೆಲವೊಮ್ಮೆ ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳದಂತೆ ಕೆಂಪು ಬಿರುಕುಗಳಾಗಿ ಒಡೆಯುತ್ತದೆ. ಇದು ಒಂದು ಬಗೆಯ ಇಸಬು. ಸಕಾಲದಲ್ಲಿ ಆರೈಕೆಯಾದರೆ ಕೆಲವೇ ವಾರಗಳಲ್ಲಿ ಮಾಯುತ್ತದೆ. ಆದರೆ ಮನೆಯ ಹಿರಿಯರು ರಾತ್ರಿಯೆಲ್ಲ ತುರಿಸಿಕೊಳ್ಳುತ್ತ ಕುಳಿತಿದ್ದರೂ ‘ವಯಸ್ಸಾಯಿತು, ಹೀಗೇ’ ಎಂದು ಮನೆಯವರು ಕೈಬಿಡುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ನಿದ್ದೆಯಿಲ್ಲದ ವೃದ್ಧರ ಸಿಡುಕು, ಮಂಕುತನಗಳ ಹಿಂದೆ ಈ ನವೆಯೇ ಇರುವುದುಂಟು.

ಎರಡನೆಯದು ನಮ್ಮ ಸ್ನಾನದ ರೀತಿ. ಹಂಡೆಯ ಸುಡುನೀರನ್ನು ಮೈಮೇಲೆ ಸುರಿದುಕೊಂಡಾಗ ತೀಟೆ ತಕ್ಷಣಕ್ಕೆ ಇಳಿದಂತಾಗುತ್ತದೆ. ಆ ಸುಖವೇ ಮೋಸ. ಬಿಸಿನೀರು ಗಾರೆಯ ಜಿಡ್ಡನ್ನು ಕರಗಿಸಿ ಒಯ್ಯುವುದರಿಂದ ಗಂಟೆಯೊಳಗೆ ನವೆ ಇಮ್ಮಡಿಯಾಗಿ ಮರಳುತ್ತದೆ. ಸಾಬೂನಿನದು ಇನ್ನೊಂದು ಕಥೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾದುದು, ಅದರ ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನದು 9ರಿಂದ 10. ಸಾಬೂನು ಹಚ್ಚಿದಾಗಲೆಲ್ಲ ಚರ್ಮ ತನ್ನ ಸಹಜ ಆಮ್ಲೀಯತೆಗೆ ಮರಳಲು ಕೆಲವು ಗಂಟೆಗಳು ಬೇಕಾಗುತ್ತವೆ. ಬೋರ್‌ವೆಲ್‌ನ ಗಡಸು ನೀರಾದರೆ ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ, ತೊಳೆದರೂ ಹೋಗದ ಲೇಪವಾಗಿ ಮೈಮೇಲೆ ಉಳಿಯುತ್ತದೆ. ಅದರ ಮೇಲೆ ಉಜ್ಜುಗಲ್ಲಿನಿಂದಲೋ ಒರಟು ನಾರಿನಿಂದಲೋ ತಿಕ್ಕಿದರೆ ಗೋಡೆಯನ್ನು ನಾವೇ ಕೆಡವಿದಂತೆ. ಒಣಚರ್ಮದವರು ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷಗಳೊಳಗೆ ಸ್ನಾನ ಮುಗಿಸಬೇಕು. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಮೃದುವಾದ ಸಾಬೂನು ಸಾಕು. ತೋಳು, ಬೆನ್ನು, ಕಾಲುಗಳಿಗೆ ದಿನವೂ ಅದರ ಅಗತ್ಯವಿಲ್ಲ. ಹೊಲದ ದುಡಿಮೆಯಿಂದ ಬಂದವರ ಮಾತು ಬೇರೆ. ಮಣ್ಣು, ಬೆವರು, ಔಷಧ ಸಿಂಪಡಣೆಯ ಅಂಶವನ್ನು ಚೆನ್ನಾಗಿ ತೊಳೆಯಲೇಬೇಕು, ಆದರೆ ಅವರೇ ತೊಳೆದ ಬಳಿಕ ಲೇಪವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಬೇಕಾದವರು.

ಇನ್ನು ಲೇಪನಗಳ ವಿಚಾರ. ಅಂಗಡಿಯಲ್ಲಿ ನೂರಾರು ಬಗೆಯ ಕ್ರೀಮುಗಳಿದ್ದರೂ ಅವು ಮಾಡುವ ಕೆಲಸ ಮೂರೇ. ನೀರನ್ನು ಸೆಳೆದು ಹಿಡಿಯುವುದು, ಕೋಶಗಳ ನಡುವಿನ ಸಂದನ್ನು ತುಂಬಿ ನಯಗೊಳಿಸುವುದು, ಮೇಲೆ ಮುಚ್ಚಳದಂತೆ ಕುಳಿತು ನೀರು ಆರದಂತೆ ತಡೆಯುವುದು. ಗ್ಲಿಸರಿನ್ ಮತ್ತು ಯೂರಿಯಾ ಮೊದಲ ಗುಂಪಿನವು. ಯೂರಿಯಾ ಎಂದೊಡನೆ ನಮ್ಮ ರೈತ ಬಂಧುಗಳು ನಗಬಹುದು. ಹೌದು, ಹೊಲಕ್ಕೆ ಎರಚುವ ಗೊಬ್ಬರವೂ ಅದೇ ದ್ರವ್ಯ, ನಮ್ಮ ಚರ್ಮದೊಳಗೆ ಸಹಜವಾಗಿ ನೀರು ಹಿಡಿದಿಡುವ ವಸ್ತುಗಳಲ್ಲಿಯೂ ಅದು ಒಂದು. ಆದರೆ ಚೀಲದ ಗೊಬ್ಬರವನ್ನು ಕಲಸಿ ಮೈಗೆ ಹಚ್ಚುವ ಸಾಹಸ ಬೇಡ. ಶೇಕಡ 5ರಿಂದ 10ರಷ್ಟು ಶುದ್ಧ ಯೂರಿಯಾ ಇರುವ ಕ್ರೀಮು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಬಿರುಕಿನ ಮೇಲೆ ಅದು ಉರಿಯುತ್ತದೆ. ಎಳೆಯ ಮಕ್ಕಳಿಗೆ ವೈದ್ಯರನ್ನು ಕೇಳದೆ ಹಚ್ಚಬಾರದು. ಗ್ಲಿಸರಿನ್ನನ್ನು ಬರಿದಾಗಿ ಹಚ್ಚುವುದಕ್ಕಿಂತ ಒಂದು ಪಾಲಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಹಚ್ಚಿ, ಮೇಲೆ ಜಿಡ್ಡಿನ ಲೇಪ ಕೊಡುವುದು ಲೇಸು. ಮುಚ್ಚಳದ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಇಂದಿಗೂ ಇಲ್ಲ. ಅಮೆರಿಕದ ರಾಬರ್ಟ್ ಚೀಸ್‌ಬ್ರೊ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಿಂದ ಅದರ ಹಕ್ಕುಪತ್ರ ಪಡೆದ. ಸುವಾಸನೆಯಿಲ್ಲದ, ಬಣ್ಣವಿಲ್ಲದ, ಅಗ್ಗದ ಈ ಜೆಲ್ಲಿಯು ನೂರಾರು ರೂಪಾಯಿಯ ಬಾಟಲಿಗಳಿಗಿಂತ ಎಷ್ಟೋ ಸಲ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೆಲೆಯು ಹೆಚ್ಚುವುದು ಬಹುಮಟ್ಟಿಗೆ ಪರಿಮಳಕ್ಕಾಗಿ. ಒಣಚರ್ಮಕ್ಕೆ ಪರಿಮಳವೇ ಶತ್ರು.

ಎಣ್ಣೆಗಳಲ್ಲಿ ಎಲ್ಲವೂ ಸಮಾನವಲ್ಲ. ಕೊಬ್ಬರಿ ಎಣ್ಣೆಯನ್ನು ಖನಿಜ ತೈಲದೊಡನೆ ಹೋಲಿಸಿ ಫಿಲಿಪ್ಪೀನ್ಸ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಾಧಾರಣ ಒಣಚರ್ಮಕ್ಕೆ ಎರಡೂ ಸಮನಾಗಿ ಹಿತಕರವೆಂದು ಕಂಡುಬಂದಿತು. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು. ಚರ್ಮವು ತನ್ನ ಗಾರೆ ಕಟ್ಟಿಕೊಳ್ಳಲು ಅದನ್ನು ಬಳಸಿಕೊಳ್ಳಬಲ್ಲದು. ನಮ್ಮ ಗಾಣದ ಕುಸುಬಿ ಎಣ್ಣೆಯಲ್ಲಿಯೂ ಈ ಆಮ್ಲ ಹೇರಳವಾಗಿದೆ. ಢಾಕಾ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಅವುಗಳಿಗೆ ತಗಲುವ ಸೋಂಕುಗಳು ಕಡಿಮೆಯಾದುದನ್ನು 2005ರಲ್ಲಿ ವರದಿಮಾಡಲಾಗಿದೆ. ಚರ್ಮದ ಗೋಡೆ ಗಟ್ಟಿಯಾದರೆ ಎಷ್ಟು ದೂರದವರೆಗೆ ಫಲವಿದೆಯೆಂಬುದಕ್ಕೆ ಇದೊಂದು ಸಾಕ್ಷಿ. ಇದಕ್ಕೆ ವಿರುದ್ಧವಾಗಿ, ಈಚೆಗೆ ಪೇಟೆಯಲ್ಲಿ ಹೊಗಳಿಸಿಕೊಳ್ಳುತ್ತಿರುವ ಆಲಿವ್ ಎಣ್ಣೆಯನ್ನು ಕೆಲವು ವಾರ ಹಚ್ಚಿದವರ ಚರ್ಮದ ತಡೆಶಕ್ತಿ ಕುಗ್ಗಿದ್ದನ್ನು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟರು. ಅದನ್ನು ದುಬಾರಿ ಬೆಲೆ ತೆತ್ತು ಕೂಸಿಗೆ ಹಚ್ಚುವುದರಲ್ಲಿ ಅರ್ಥವಿಲ್ಲ.

ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವು ಅಭ್ಯಂಗವನ್ನು ನಿತ್ಯವೂ ಮಾಡಬೇಕೆನ್ನುತ್ತದೆ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ. ಹಿರಿಯರ ಈ ಅಭ್ಯಾಸ ಒಣಚರ್ಮಕ್ಕೆ ಒಳ್ಳೆಯದೇ. ತೊಂದರೆ ಬರುವುದು ಎಣ್ಣೆ ಹಚ್ಚಿದ ಮೇಲೆ. ಸುಡುನೀರು, ಸೀಗೆಕಾಯಿ, ಕಡಲೆಹಿಟ್ಟುಗಳಿಂದ ಎಣ್ಣೆಯ ಪಸೆಯೇ ಉಳಿಯದಂತೆ ತಿಕ್ಕಿ ತೆಗೆದರೆ ಹಚ್ಚಿದ್ದೂ ಹೋಯಿತು, ಚರ್ಮದ ಸ್ವಂತ ಜಿಡ್ಡೂ ಹೋಯಿತು. ಮೈಗೆ ಎಣ್ಣೆ ಹಚ್ಚಿ ಮಿಂದವರು ಹಿಟ್ಟನ್ನು ಮಿತವಾಗಿ ಬಳಸಿ, ಮೈ ಒರೆಸಿದ ಮೇಲೆ ಇನ್ನೊಮ್ಮೆ ತೆಳ್ಳಗೆ ಎಣ್ಣೆಯನ್ನೋ ಜೆಲ್ಲಿಯನ್ನೋ ಸವರಿಕೊಳ್ಳಬೇಕು.

ಹಚ್ಚುವ ಹೊತ್ತು ಇಲ್ಲಿ ಔಷಧದಷ್ಟೇ ಮುಖ್ಯ. ಮೈಯನ್ನು ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ, ಮೂರು ನಿಮಿಷಗಳ ಒಳಗೆ ಲೇಪ ಹಚ್ಚಬೇಕು. ಬಟ್ಟೆ ತೊಟ್ಟು, ಉಪಾಹಾರ ಮುಗಿಸಿ, ಆಮೇಲೆ ನೆನಪಾಗಿ ಹಚ್ಚಿದರೆ ಮುಚ್ಚಿಡಲು ನೀರೇ ಉಳಿದಿರುವುದಿಲ್ಲ. ಪ್ರಮಾಣದಲ್ಲಿಯೂ ನಮ್ಮ ಜನ ಜಿಪುಣರು. ವಯಸ್ಕರೊಬ್ಬರ ಸರ್ವಾಂಗಕ್ಕೆ ಒಮ್ಮೆ ಹಚ್ಚಲು ಸುಮಾರು 20ರಿಂದ 30 ಗ್ರಾಂ ಕ್ರೀಮು ಬೇಕು. 20 ಗ್ರಾಮಿನ ಟ್ಯೂಬನ್ನು ತಿಂಗಳುಗಟ್ಟಲೆ ಕಾಪಾಡಿಕೊಂಡು ‘ಔಷಧ ನಾಟಲಿಲ್ಲ’ ಎನ್ನುವವರಿಗೆ ನಾವು ಹೇಳುವುದು, ಔಷಧ ನಾಟದಿರುವುದಲ್ಲ, ಮುಟ್ಟಿಯೇ ಇಲ್ಲ ಎಂದು. ಬೆಲೆ ಭಾರವೆನಿಸಿದರೆ ದೊಡ್ಡ ಡಬ್ಬಿಯ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆಯೇ ಸಾಕು. ದಿನಕ್ಕೆರಡು ಬಾರಿ, ರೋಮ ಬೆಳೆದ ದಿಕ್ಕಿನಲ್ಲಿಯೇ, ಮೇಲಿನಿಂದ ಕೆಳಕ್ಕೆ ಸವರಬೇಕು. ಎದುರು ದಿಕ್ಕಿನಲ್ಲಿ ಉಜ್ಜಿದರೆ ರೋಮದ ಬುಡದಲ್ಲಿ ಗುಳ್ಳೆಗಳು ಏಳಬಹುದು. ಒಂದು ಎಚ್ಚರಿಕೆ: ಪೆಟ್ರೋಲಿಯಂ ಜೆಲ್ಲಿಯಾಗಲಿ ಎಣ್ಣೆಯಾಗಲಿ ಹೀರಿದ ಬಟ್ಟೆಗೆ ಬೆಂಕಿ ಬಹುಬೇಗ ಹತ್ತುತ್ತದೆ. ಒಲೆಯ ಮುಂದೆ ಕುಳಿತು ರೊಟ್ಟಿ ಸುಡುವ ತಾಯಂದಿರು, ಬೀಡಿ ಸೇದುವ ಹಿರಿಯರು ಇದನ್ನು ಮರೆಯಬಾರದು. ಲೇಪ ಹತ್ತಿದ ಸೀರೆ, ಧೋತರ, ಹಾಸಿಗೆಯ ಬಟ್ಟೆಗಳನ್ನು ಆಗಾಗ ಒಗೆಯುತ್ತಿರಬೇಕು. ಎಣ್ಣೆಯ ಕಾಲಿನಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರುವುದೂ ಉಂಟು.

ಹಿಮ್ಮಡಿಯ ಸೀಳಿಗೆ ಪಾದವನ್ನು ಹತ್ತಿಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಗಡುಸಾದ ಅಂಚನ್ನು ಮೆಲ್ಲಗೆ ಉಜ್ಜಿ, ಜೆಲ್ಲಿ ಹಚ್ಚಿ, ಹತ್ತಿಯ ಕಾಲುಚೀಲ ತೊಟ್ಟು ಮಲಗಬೇಕು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಈ ಕ್ರಮ ಹೊಂದದು. ಅವರ ಪಾದದ ನರಗಳು ಸೊರಗಿ ಬೆವರು ನಿಂತಿರುತ್ತದೆ, ಆದುದರಿಂದಲೇ ಒಣಗುತ್ತದೆ. ಸ್ಪರ್ಶವೂ ಮಂದವಾಗಿರುವುದರಿಂದ ನೀರಿನ ಬಿಸಿ ತಿಳಿಯದೆ ಸುಟ್ಟುಕೊಳ್ಳುತ್ತಾರೆ, ಸೀಳಿನಲ್ಲಿ ಕೀವಾದುದೂ ಅರಿವಿಗೆ ಬರುವುದಿಲ್ಲ. ಬೆರಳೊಂದನ್ನು ಕತ್ತರಿಸಬೇಕಾಗಿ ಬಂದ ಎಷ್ಟೋ ಪ್ರಸಂಗಗಳು ಇಂಥ ಸಣ್ಣ ಸೀಳಿನಿಂದ ಆರಂಭವಾಗಿರುತ್ತವೆ. ಅವರು ಪಾದವನ್ನು ನೆನೆಸಿಡದೆ ತೊಳೆದು ಒರೆಸಿ, ಬೆರಳುಸಂದುಗಳನ್ನು ಬಿಟ್ಟು ಉಳಿದೆಡೆ ಕ್ರೀಮು ಹಚ್ಚಬೇಕು. ಬ್ಲೇಡಿನಿಂದ ಕೆರೆಯುವುದು ಎಂದಿಗೂ ಸಲ್ಲದು. ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಥವಾ ಮಕ್ಕಳಿಂದ ನೋಡಿಸಿಕೊಳ್ಳಬೇಕು.

ಆರಂಭದಲ್ಲಿ ಹೇಳಿದ ಆ ‘ಯಾವುದೋ ಒಂದು ಟ್ಯೂಬಿ’ಗೆ ಈಗ ಬರೋಣ. ಬೆಟಾಮೆಥಾಸೋನ್, ಕ್ಲೋಬೆಟಸಾಲ್ ಮುಂತಾದ ಸ್ಟಿರಾಯ್ಡುಗಳನ್ನು ಶಿಲೀಂಧ್ರನಾಶಕ, ಪ್ರತಿಜೀವಕಗಳೊಡನೆ ಬೆರೆಸಿದ ಕ್ರೀಮುಗಳು ಊರೂರಿನ ಅಂಗಡಿಗಳಲ್ಲಿ ಸಿಗುತ್ತವೆ. ವೈದ್ಯರ ಚೀಟಿಯಿಲ್ಲದೆ ಇವುಗಳ ಮಾರಾಟವನ್ನು ತಡೆಯಲು ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದರೂ ಬಳಕೆ ನಿಂತಿಲ್ಲ. ಹಚ್ಚಿದ ಎರಡು ದಿನಗಳಲ್ಲಿ ನವೆ ಮಾಯವಾಗುವುದರಿಂದ ಜನ ಇದನ್ನೇ ದಿವ್ಯೌಷಧವೆಂದು ನಂಬುತ್ತಾರೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮವು ತೆಳುವಾಗಿ, ಒಳಗಿನ ರಕ್ತನಾಳಗಳು ಕಾಣತೊಡಗುತ್ತವೆ. ತೊಡೆ, ಕಂಕುಳುಗಳಲ್ಲಿ ಮಾಯದ ಬರೆಗಳು ಬೀಳುತ್ತವೆ. ಹುಳುಕಡ್ಡಿಯಿದ್ದರೆ ಅದು ಒಳಗೊಳಗೇ ಹಬ್ಬುತ್ತದೆ. ಗೋಡೆ ಇನ್ನಷ್ಟು ದುರ್ಬಲವಾಗಿ ಒಣತನವೂ ಹೆಚ್ಚುತ್ತದೆ. ಸ್ಟಿರಾಯ್ಡು ವಿಷವಲ್ಲ. ಇಸಬು ಕೆರಳಿದಾಗ ವೈದ್ಯರು ಇಂತಿಷ್ಟೇ ದಿನವೆಂದು ಹೇಳಿ ಕೊಟ್ಟರೆ ಅದು ಒಳ್ಳೆಯ ಔಷಧವೇ. ಆದರೆ ಬರಿಯ ಒಣತನಕ್ಕೆ ಅದರ ಅಗತ್ಯವಿಲ್ಲ.

ಚೆನ್ನಾಗಿ ಆರೈಕೆ ಮಾಡಿದರೂ ಮೂರು ನಾಲ್ಕು ವಾರಗಳಲ್ಲಿ ಗುಣ ಕಾಣದಿದ್ದರೆ ಒಳಗಿನ ಕಾರಣ ಹುಡುಕಬೇಕು. ಒಣಚರ್ಮದೊಡನೆ ಆಯಾಸ, ಚಳಿ ತಡೆಯದಿರುವಿಕೆ, ಮಲಬದ್ಧತೆ, ಕೂದಲುದುರುವಿಕೆಗಳಿದ್ದರೆ ಥೈರಾಯ್ಡ್ ಪರೀಕ್ಷೆ ಆಗಬೇಕು. ಮೂತ್ರಪಿಂಡದ ದೀರ್ಘ ಕಾಯಿಲೆಯಲ್ಲಿ ಮೈಯೆಲ್ಲ ಒಣಗಿ ಅಸಾಧ್ಯ ನವೆ ಬರುತ್ತದೆ. ರಾತ್ರಿ ನವೆ ಹೆಚ್ಚಿ, ಬೆರಳುಸಂದುಗಳಲ್ಲಿ ಗುಳ್ಳೆಗಳಿದ್ದು, ಮನೆಯ ಇತರರಿಗೂ ತುರಿಕೆಯಿದ್ದರೆ ಅದು ಒಣತನವಲ್ಲ, ಕಜ್ಜಿ. ಎಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯಬೇಕು. ಮೈಯೆಲ್ಲ ಸರಿಯಿದ್ದು ಒಂದೆಡೆ ಮಾತ್ರ ಮಚ್ಚೆಯಾಗಿ ಒಣಗಿದ್ದರೆ, ಅಲ್ಲಿ ಬೆವರು ಬಾರದೆ, ರೋಮ ಉದುರಿ, ಮುಟ್ಟಿದರೆ ತಿಳಿಯದಂತಿದ್ದರೆ, ಅದು ಕುಷ್ಠರೋಗದ ಲಕ್ಷಣವಾಗಿರಬಹುದು. ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೇಗ ಆರಂಭಿಸಿದರೆ ಅಂಗವಿಕಲತೆಯಿಲ್ಲದೆ ಪೂರ್ಣ ಗುಣವಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟವರೇ ಬೆರಳು ಕಳೆದುಕೊಂಡವರು.

ಹುಟ್ಟಿನಿಂದಲೇ ಬರುವ ಒಣಚರ್ಮವೊಂದಿದೆ. ಅದರ ಬಗ್ಗೆ ಹೇಳದೆ ಈ ಪಾಠ ಪೂರ್ಣವಾಗದು. ಇಕ್ತಿಯೋಸಿಸ್ ಎಂಬ ಅದರ ಹೆಸರು ಮೀನು ಎಂಬರ್ಥದ ಗ್ರೀಕ್ ಪದದಿಂದ ಬಂದುದು. ಸಾಮಾನ್ಯ ಬಗೆಯಲ್ಲಿ ಮಗುವಿಗೆ ಕೆಲವು ತಿಂಗಳು ತುಂಬಿದ ಬಳಿಕ ಕಣಕಾಲಿನ ಮುಂಭಾಗದಲ್ಲಿ ಸಣ್ಣ ಹುರುಪೆಗಳು ಕಾಣತೊಡಗುತ್ತವೆ, ಅಂಗೈಯ ಗೆರೆಗಳು ಆಳವಾಗಿರುತ್ತವೆ, ಮೊಣಕೈಯ ಮಡಿಕೆ ಮಾತ್ರ ನಯವಾಗಿರುತ್ತದೆ. ಫಿಲಾಗ್ರಿನ್ ತಯಾರಿಸುವ ಜೀನಿನಲ್ಲಿರುವ ದೋಷವೇ ಇದಕ್ಕೆ ಕಾರಣವೆಂಬುದು 2006ರಲ್ಲಿ ತಿಳಿಯಿತು. ತೀವ್ರವಾದ ಬಗೆಗಳು ವಿರಳ. ಅವುಗಳಲ್ಲಿ ಕೆಲ ಶಿಶುಗಳು ಮೇಣಗಾಗದ ಸುತ್ತಿದಂತಹ ಹೊಳೆಯುವ ಪೊರೆಯೊಂದಿಗೆ ಹುಟ್ಟುತ್ತವೆ. ಆ ಪೊರೆಯನ್ನು ಕೀಳಬಾರದು. ಶಿಶುವಿನ ಮೈಯ ನೀರೂ ಶಾಖವೂ ಬೇಗ ಸೋರಿಹೋಗುವುದರಿಂದ, ಅದನ್ನು ಬೆಚ್ಚಗಿರಿಸಿಕೊಂಡು, ನವಜಾತ ಶಿಶುಗಳ ವಿಶೇಷ ಘಟಕವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಆ ಮೊದಲ ದಿನಗಳನ್ನು ದಾಟಿದ ಮಕ್ಕಳು ಬೆಳೆದು ಓದಿ ಸಂಸಾರ ಮಾಡುತ್ತಾರೆ.

ಹುರುಪೆಯ ಮೈಯನ್ನು ಕಂಡು ‘ಸರ್ಪದೋಷ’ವೆನ್ನುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ತಾಯಿ ಬಸುರಿಯಾಗಿದ್ದಾಗ ಮನೆಯವರು ಹಾವನ್ನು ಕೊಂದರೆಂದೋ ಗ್ರಹಣ ನೋಡಿದರೆಂದೋ ಅವಳ ಮೇಲೆ ದೂರು ಹೊರಿಸುತ್ತಾರೆ. ಅವಳದೇನೂ ತಪ್ಪಿಲ್ಲ. ತೀವ್ರ ಬಗೆಗಳಲ್ಲಿ ಬಹುಪಾಲು, ತಂದೆ ತಾಯಿ ಇಬ್ಬರಲ್ಲಿಯೂ ಅಡಗಿದ್ದ ಒಂದೇ ಜೀನು ಮಗುವಿನಲ್ಲಿ ಜೋಡಿಯಾದಾಗ ಬರುತ್ತವೆ. ಅಂಥ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವವಿರುತ್ತದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಲ್ಲಿ ಇಬ್ಬರಲ್ಲಿಯೂ ಒಂದೇ ಜೀನು ಇರುವ ಸಾಧ್ಯತೆ ಹೆಚ್ಚುತ್ತದೆ. ಮನೆತನದಲ್ಲಿ ಈ ತೊಂದರೆ ಕಂಡಿದ್ದರೆ ಸಂಬಂಧ ಬೆಳೆಸುವ ಮುನ್ನ, ಮುಂದಿನ ಬಸಿರಿಗೆ ಮುನ್ನ ಅನುವಂಶೀಯತೆಯ ತಜ್ಞರ ಸಲಹೆ ಪಡೆಯುವುದು ಒಳಿತು. ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬಾರದು.

ಬುಡಸಹಿತ ವಾಸಿಮಾಡುವ ಔಷಧ ಇದಕ್ಕಿಲ್ಲ, ದಿನನಿತ್ಯದ ಲೇಪನವೇ ಜೀವಮಾನದ ಚಿಕಿತ್ಸೆ. ಕಣ್ಣಿನ ರೆಪ್ಪೆ ಹೊರಕ್ಕೆ ಮಗುಚಿದ್ದರೆ ಕಣ್ಣಿಗೆ ತೇವದ ಹನಿಗಳು ಬೇಕು. ಕಿವಿಯಲ್ಲಿ ಹುರುಪೆ ತುಂಬಿ ಕೇಳಿಸದಿದ್ದರೆ ಕಿವಿಯ ವೈದ್ಯರಿಂದ ತೆಗೆಸಬೇಕು, ಮಗು ಮಂದಬುದ್ಧಿಯದೆಂದು ತಿಳಿಯಬಾರದು. ಹುರುಪೆ ಕರಗಿಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಚಿಕ್ಕ ಮಕ್ಕಳಿಗೆ ಹಚ್ಚಲಾಗದು. ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಬೇಸಗೆಯದು. ತೀವ್ರ ಬಗೆಯವರ ಬೆವರಿನ ದ್ವಾರಗಳು ಮುಚ್ಚಿರುವುದರಿಂದ ಮೈ ತಂಪಾಗುವ ದಾರಿಯೇ ಇರುವುದಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಆಟದ ಮೈದಾನದಲ್ಲಿ ಅರ್ಧ ಗಂಟೆ ನಿಂತ ಮಗು ಜ್ವರ ಬಂದಂತೆ ಸುಟ್ಟು ಕುಸಿಯಬಹುದು. ಅದು ಮೈಗಳ್ಳತನವೂ ಅಲ್ಲ, ಸೋಗೂ ಅಲ್ಲ. ಆದ್ದರಿಂದ ಶಾಲೆ ತೆರೆದ ಮೊದಲ ವಾರದಲ್ಲಿಯೇ ಪಾಲಕರು ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರನ್ನೂ ವ್ಯಾಯಾಮ ಶಿಕ್ಷಕರನ್ನೂ ಕಂಡು ಮಾತನಾಡಬೇಕು. ತರಗತಿಯಲ್ಲಿ ಫ್ಯಾನಿನ ಕೆಳಗೋ ಕಿಟಕಿಯ ಪಕ್ಕದಲ್ಲೋ ಕೂರಲು ಜಾಗ, ಬಿಸಿಲಿನ ಕವಾಯತಿನಿಂದ ವಿನಾಯಿತಿ, ಚೀಲದಲ್ಲಿ ನೀರಿನ ಬಾಟಲಿಯ ಜೊತೆಗೆ ಒಂದು ಸಣ್ಣ ಡಬ್ಬಿ ಜೆಲ್ಲಿ, ಒಂದು ಹತ್ತಿಯ ಪಂಜೆ. ಮೈ ಕಾದಾಗ ಪಂಜೆಯನ್ನು ನೆನೆಸಿ ತಲೆ, ಕತ್ತು, ಎದೆಗಳಿಗೆ ಹಾಕಿಕೊಳ್ಳುವುದನ್ನು ಮಗುವಿಗೂ, ಅದರ ಪಕ್ಕದಲ್ಲಿ ಕೂರುವ ಗೆಳೆಯನಿಗೂ ಕಲಿಸಿಕೊಡಬೇಕು.